ದಾರಿ ಹೇಳುವವರಿಂದ ಮೊಬೈಲ್ ಪರದೆ ಏನು ಕಲಿಯಬಹುದು? ರಾಯಚೂರಿನಲ್ಲಿ ನಡೆದು ಕಂಡದ್ದು

ಕಾಲ್ನಡಿಗೆ_ರಾಯಚೂರು · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಮೊಬೈಲ್ ಆ್ಯಪ್‌ಗಳ ಪರದೆಗಳನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ಹುಟ್ಟಿ ಬೆಳೆದದ್ದು ರಾಯಚೂರಿನಲ್ಲಿ, ಈಗ ಮನೆಯಿಂದಲೇ ದುಡಿಯುತ್ತೇನೆ. ಹೋದ ಸುಗ್ಗಿಯಲ್ಲಿ ನಮ್ಮ ತಂಡ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಮಾಲು ತರುವ ರೈತರಿಗಾಗಿ ಒಂದು ಆ್ಯಪ್ ಮಾಡಿತು. ಗೇಟಿನಲ್ಲಿ ಆವಕ, ಅಂದರೆ ಬಂದ ಮಾಲಿನ ವಿವರ, ಬರೆಸುವುದರಿಂದ ಹಿಡಿದು ಮಾರಾಟದ ಲೆಕ್ಕದ ಪಟ್ಟಿ ಕೈಗೆ ಬರುವವರೆಗೆ ಏಳು ಪರದೆಗಳು. ನಮ್ಮ ಕಣ್ಣಿಗೆ ಬಹಳ ಅಚ್ಚುಕಟ್ಟಾಗಿತ್ತು.

ಹತ್ತಿ ಚೀಲಗಳಿಗೆ ಒರಗಿ ಕುಳಿತಿದ್ದ ಮಾನ್ವಿ ಕಡೆಯ ಹಿರಿಯರೊಬ್ಬರ ಕೈಗೆ ಮೊಬೈಲ್ ಕೊಟ್ಟೆ. ಮೊದಲ ಎರಡು ಪರದೆ ದಾಟಿದರು. ಮೂರನೆಯದಕ್ಕೆ ಬಂದಾಗ ಹೆಬ್ಬೆರಳು ಗಾಜಿನಿಂದ ಒಂದು ಬೆರಳಷ್ಟು ಮೇಲೆ ನಿಂತುಬಿಟ್ಟಿತು. ಇನ್ನೊಂದು ಕೈಯಿಂದ ಬಿಸಿಲಿಗೆ ಮರೆ ಮಾಡಿಕೊಂಡು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ತಮ್ಮಾ, ನಾನು ಈಗ ಎಲ್ಲಿದ್ದೇನೆ?" ಎಂದರು. ಅವರು ಕೇಳಿದ್ದು ಗಂಜ್‌ನ ಜಾಗವನ್ನಲ್ಲ ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಆ ಪ್ರಶ್ನೆಗೆ ನಮ್ಮ ಏಳು ಪರದೆಗಳಲ್ಲಿ ಎಲ್ಲಿಯೂ ಉತ್ತರ ಇರಲಿಲ್ಲ.

ಅದೇ ಸಂಜೆ ರೈಲು ನಿಲ್ದಾಣದ ಹೊರಗೆ ಚಹಾ ಕುಡಿಯುತ್ತಿದ್ದೆ. ಹೊರಗಿನಿಂದ ಬಂದ ಪ್ರಯಾಣಿಕರೊಬ್ಬರು ಒಂದು ಮನೆಯ ದಾರಿ ಕೇಳಿದರು. ಚಹಾ ಅಂಗಡಿಯವರು ಹೀಗೆ ಹೇಳಿದರು: "ನೇರ ಹೋಗಿರಿ. ಬಲಕ್ಕೆ ಒಂದು ದೊಡ್ಡ ಬೇವಿನ ಮರ ಬರುತ್ತದೆ, ಅಲ್ಲಿ ತಿರುಗಬೇಡಿರಿ. ಮುಂದೆ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತದೆ, ಅಲ್ಲಿ ಎಡಕ್ಕೆ. ಪೆಟ್ರೋಲ್ ಬಂಕ್ ಕಂಡಿತೆಂದರೆ ದಾಟಿ ಹೋದಿರಿ ಎಂದೇ ತಿಳಿಯಿರಿ. ಹಿಂದಕ್ಕೆ ಬಂದು ಗಿರಣಿಯವರನ್ನು ಕೇಳಿರಿ, ಹೇಳುತ್ತಾರೆ."

ನಾನು ಲೋಟ ಕೆಳಗಿಟ್ಟು ಅದನ್ನು ಬರೆದುಕೊಂಡೆ. ಆ ನಾಲ್ಕು ಮಾತಿನಲ್ಲಿ ತಿರುಗಬೇಕಾದ ಜಾಗ ಇದೆ. ತಿರುಗಬಾರದ ಜಾಗವೂ ಇದೆ. ದಾರಿ ತಪ್ಪಿದರೆ ತಪ್ಪಿದೆ ಎಂದು ಗೊತ್ತಾಗುವ ಗುರುತಿದೆ. ಆಮೇಲೆ ಯಾರನ್ನು ಕೇಳಬೇಕೆಂಬುದೂ ಇದೆ. ನಮ್ಮ ಆ್ಯಪ್‌ನಲ್ಲಿ ಇದ್ದದ್ದು ಮೊದಲನೆಯದು ಮಾತ್ರ: ಇಲ್ಲಿ ಒತ್ತಿ, ಅಲ್ಲಿ ಒತ್ತಿ.

ಅಂದಿನಿಂದ ನಾಲ್ಕು ಭಾನುವಾರ ಗೆಳೆಯರೊಂದಿಗೆ ಊರು ಸುತ್ತಿದ್ದೇನೆ. ನಿಲ್ದಾಣ, ತೀನ್ ಕಂದೀಲ್, ಕೋಟೆಯ ಬಾಗಿಲುಗಳು, ಗಂಜ್. ಎಲ್ಲ ಕಡೆಯೂ ಜನರಿಂದ ದಾರಿ ಕೇಳುವುದು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು. "ದಾಟಿ ಹೋದಿರಿ" ಎಂಬ ಗುರುತನ್ನು ಹೇಳದ ಹಿರಿಯರು ನನಗೆ ಬಹಳ ಕಡಿಮೆ ಸಿಕ್ಕರು. ನಿಮ್ಮ ಊರುಗಳಲ್ಲಿ ದಾರಿ ಹೇಳುವ ರೀತಿ ಹೇಗೆ? ಅದರಲ್ಲಿ ಏನನ್ನು ಪರದೆಗೆ ತರಬಹುದು? ವಿನ್ಯಾಸದವರಲ್ಲದವರೂ ದಯವಿಟ್ಟು ಬರೆಯಿರಿ. ನನಗೆ ಹೆಚ್ಚು ಬೇಕಾಗಿರುವುದು ನಿಮ್ಮ ಮಾತು.

ಟಪಾಲಿನ_ಚೀಲ · ಭಾನುವಾರ, ರಾತ್ರಿ 10.25

ರಾಯಚೂರಿನಲ್ಲಿಯೇ ಟಪಾಲು ಹಂಚಿ ನಿವೃತ್ತನಾದವನು ನಾನು. ನಿಮ್ಮ ಚಹಾ ಅಂಗಡಿಯವರ ಮಾತು ಓದಿ ಖುಷಿಯಾಯಿತು.

ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. 584101 ಎಂದು ಬರೆದರೆ ಕಾಗದ ದೇಶದ ಯಾವ ಮೂಲೆಯಿಂದಾದರೂ ರಾಯಚೂರಿಗೆ ಬಂದು ಬೀಳುತ್ತದೆ. ಆದರೆ ಆ ಆರು ಅಂಕಿಗಳ ಶಕ್ತಿ ಅಂಚೆ ಕಚೇರಿಯ ಮೇಜಿಗೇ ಮುಗಿಯುತ್ತದೆ. ಅಲ್ಲಿಂದ ಮನೆಯ ಬಾಗಿಲಿಗೆ ಒಯ್ಯುವುದು "ಹತ್ತಿರ", "ಎದುರು", "ಹಿಂದೆ" ಎಂಬ ಮೂರು ಮಾತುಗಳು. ಮಸೀದಿ ಎದುರು, ಗಿರಣಿ ಹಿಂದೆ, ಬಾವಿ ಹತ್ತಿರ.

ಇನ್ನೊಂದು ಸಂಗತಿ. ಗುರುತು ಹೋದ ಮೇಲೂ ಗುರುತಿನ ಹೆಸರು ಉಳಿಯುತ್ತದೆ. ತೀನ್ ಕಂದೀಲ್ ಎಂದರೆ ಮೂರು ಕಂದೀಲು. ಯಾರೂ ಅಲ್ಲಿ ನಿಂತು ಕಂದೀಲು ಎಣಿಸುವುದಿಲ್ಲ, ಆದರೂ ಯಾರಿಗೂ ದಾರಿ ತಪ್ಪುವುದಿಲ್ಲ. ಕೆಡವಿದ ಟಾಕೀಸಿನ ಹಿಂದೆ ಮನೆ ಇದ್ದವರು ಹಲವು ವರ್ಷ "ಟಾಕೀಸ್ ಹಿಂದೆ" ಎಂದೇ ವಿಳಾಸ ಬರೆಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ಹೇಳಿಕೊಡುತ್ತಿದ್ದದ್ದು ಈಗಿರುವ ಊರನ್ನಲ್ಲ, ಮೊದಲು ಇದ್ದ ಊರನ್ನು. ಅದು ಗೊತ್ತಿಲ್ಲದಿದ್ದರೆ ಅರ್ಧ ಕಾಗದ ವಾಪಸ್ ಬರುತ್ತಿತ್ತು.

ಪರದೆಯ_ಹಿಂದೆ · ಭಾನುವಾರ, ರಾತ್ರಿ 11.10

ಅಣ್ಣಾ, ನಾನು ಸಿಂಧನೂರಿನವನು, ಬೆಂಗಳೂರಿನಲ್ಲಿ ಆ್ಯಪ್‌ಗಳಿಗೆ ಕೋಡ್ ಬರೆಯುತ್ತೇನೆ. ಬರೆದದ್ದು ಚೆನ್ನಾಗಿದೆ, ಆದರೆ ಎರಡು ಆಕ್ಷೇಪಣೆಗಳಿವೆ. ಬೇಸರ ಮಾಡಿಕೊಳ್ಳಬೇಡಿ.

ಒಂದು, ಊರನ್ನು ಪರದೆಗೆ ತರುವ ಪ್ರಯತ್ನ ಆಗಿಹೋಗಿದೆ, ಸೋತೂ ಆಗಿದೆ. 1995ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ "ಬಾಬ್" ಎಂಬ ತಂತ್ರಾಂಶ ತಂದಿತು. ಪರದೆಯ ತುಂಬ ಮನೆ, ಕೋಣೆ, ಬಾಗಿಲು, ಮೇಜು. ಯಾವ ಕೆಲಸಕ್ಕಾದರೂ ಕೋಣೆಯೊಳಗಿನ ಒಂದು ವಸ್ತುವನ್ನು ಹುಡುಕಿ ಒತ್ತಬೇಕು. ಮರುವರ್ಷ ಅದು ಮಾರುಕಟ್ಟೆಯಲ್ಲಿ ಇರಲಿಲ್ಲ. ಆಪಲ್ 1994ರಲ್ಲಿ "ಇ-ವರ್ಲ್ಡ್" ಎಂಬ ಜಾಲಸೇವೆಯನ್ನು ಒಂದು ಪುಟ್ಟ ಊರಿನ ಚಿತ್ರವಾಗಿ ಕಟ್ಟಿತು, ಕಟ್ಟಡಕ್ಕೊಂದು ಸೇವೆ. 1996ರ ಮಾರ್ಚ್‌ನಲ್ಲಿ ಅದೂ ಮುಚ್ಚಿತು. ಚಿತ್ರದ ಬೀದಿಯಲ್ಲಿ ಕಾಲು ನಡೆಯುವುದಿಲ್ಲ. ಬಳಸುವವನಿಗೆ ಅದು ಸುತ್ತುದಾರಿ ಅಷ್ಟೇ.

ಎರಡು, ನಿಮ್ಮ ಪ್ರಯಾಣಿಕರು ನಿಲ್ದಾಣದಿಂದ ಹೊರಟು ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಾರೆ. ಆ್ಯಪ್‌ಗೆ ಬರುವವರು ಹಾಗೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿ ನೇರ ಐದನೆಯ ಪರದೆಗೆ ಬಂದು ಬೀಳುತ್ತಾರೆ. ಬೇವಿನ ಮರವನ್ನೇ ನೋಡದವರಿಗೆ ಗಿರಣಿ ಎಲ್ಲಿ ಎಂದು ಹೇಗೆ ಹೇಳುತ್ತೀರಿ?

ನಕ್ಷೆ_ಬರೆವಾಕೆ · ಸೋಮವಾರ, ಬೆಳಿಗ್ಗೆ 7.15

ವಾಸ್ತುಶಿಲ್ಪ ಓದುತ್ತಿದ್ದೇನೆ, ಊರು ರಾಯಚೂರೇ. ಮೊದಲು ಸಿಂಧನೂರಿನ ಅಣ್ಣನಿಗೆ ಉತ್ತರ.

ಊರಿನ ಚಿತ್ರವನ್ನು ಪರದೆಯಲ್ಲಿ ಬಿಡಿಸುವುದು ಒಂದು. ಊರಿನಲ್ಲಿ ಜನ ಹೇಗೆ ದಾರಿ ಕಂಡುಕೊಳ್ಳುತ್ತಾರೆಂದು ತಿಳಿದು ವಿನ್ಯಾಸ ಮಾಡುವುದು ಬೇರೊಂದು. ಬಾಬ್ ಸೋತದ್ದು ಮೊದಲನೆಯದರಲ್ಲಿ. ಎರಡನೆಯದನ್ನು ಚೆನ್ನಾಗಿ ನೋಡಿದವರು ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್. ಬೋಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್ ಜನರಿಂದ ನೆನಪಿನ ನಕ್ಷೆ ಬರೆಯಿಸಿ, ಊರಿನಲ್ಲಿ ನಡೆದು, 1960ರಲ್ಲಿ ಅದನ್ನು ಪ್ರಕಟಿಸಿದರು. ಜನರ ಮನಸ್ಸಿನ ಊರು ಐದು ಬಗೆಯ ವಸ್ತುಗಳಿಂದ ಕಟ್ಟಿಕೊಂಡಿರುತ್ತದೆ ಎಂದರು: ದಾರಿ, ಅಂಚು, ವಲಯ, ಕೂಡುನೆಲೆ, ಗುರುತು. ಅವರು ಮಾತನಾಡಿಸಿದ್ದು ಬೋಸ್ಟನ್‌ನಲ್ಲಿ ಸುಮಾರು 30 ಮಂದಿಯನ್ನು, ಉಳಿದೆರಡು ಕಡೆ 15ರಂತೆ. ಹೆಚ್ಚಿನವರು ಮಧ್ಯಮ ವರ್ಗದವರು. ಆದ್ದರಿಂದ ಆ ಐದನ್ನೇ ವೇದವಾಕ್ಯ ಮಾಡಿಕೊಳ್ಳುವುದು ಸರಿಯಲ್ಲ.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಜರ್ಸಿ ಸಿಟಿಯ ಕತೆ. ಅಲ್ಲಿನವರಿಗೆ ತಮ್ಮ ಊರಿನ ಗುರುತು ಹೇಳಲು ಕಷ್ಟವಾಯಿತು. ನೆನಪಾದದ್ದು ನದಿಯ ಆಚೆ ಕಾಣುವ ನ್ಯೂಯಾರ್ಕಿನ ಕಟ್ಟಡಗಳ ಸಾಲು! ಎಷ್ಟೋ ಆ್ಯಪ್‌ಗಳು ಜರ್ಸಿ ಸಿಟಿಯಂತಿವೆ. ಒಳಗೆ ಎಲ್ಲ ಪರದೆಗಳೂ ಒಂದೇ ಬಿಳುಪು, ಒಂದೇ ನೀಲಿ ಗುಂಡಿ. ಬಳಸುವವರು ಕೊನೆಗೆ ಹಿಡಿದುಕೊಳ್ಳುವುದು ಮೊಬೈಲಿನ ಸ್ವಂತ ಹಿಂದೆ-ಹೋಗುವ ಗುಂಡಿಯನ್ನು. ಅದು ಆ್ಯಪ್‌ನದಲ್ಲ, ಆಚೆ ದಡದ್ದು.

ಇನ್ನು ನಡುವೆ ಬಂದು ಬೀಳುವ ಮಾತು. ರಾಯಚೂರು ಆ ಪಾಠವನ್ನು 1871ರಲ್ಲಿಯೇ ಕಲಿತಿದೆ. ಮುಂಬೈ ಕಡೆಯಿಂದ ಬಂದ ರೈಲು ಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ ಆ ವರ್ಷ ಕೂಡಿದ್ದು ಇಲ್ಲಿ. ಅದಕ್ಕೆ ಮೊದಲು ಊರಿಗೆ ಬರುವವರು ಕೋಟೆಯ ಬಾಗಿಲಿನಿಂದ ಬರುತ್ತಿದ್ದರು. ಪಶ್ಚಿಮಕ್ಕೆ ಮೆಕ್ಕಾ ದರ್ವಾಜಾ, ಉತ್ತರಕ್ಕೆ ನವರಂಗಿ, ಪೂರ್ವಕ್ಕೆ ಕಾಟಿ. ಹೊರಗೋಡೆ ದಾಟಿದರೆ ಒಳಗೋಡೆಗೆ ಮತ್ತೆ ಎರಡು: ಸೈಲಾನಿ, ಸಿಕಂದರಿ. ಎಷ್ಟು ಒಳಗೆ ಬಂದಿದ್ದೇನೆ ಎಂಬುದನ್ನು ಗೋಡೆಯೇ ಹೇಳುತ್ತಿತ್ತು. ರೈಲು ಬಂದ ಮೇಲೆ ಯಾವ ಬಾಗಿಲನ್ನೂ ದಾಟದೆ ಜನ ಇಳಿಯತೊಡಗಿದರು. ಅದಕ್ಕೇ ರೈಲು ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿನ ಎರಡೂ ತುದಿಗೆ ದೊಡ್ಡ ಹಳದಿ ಹಲಗೆ. ಯಾವ ಡಬ್ಬಿಯಲ್ಲಿದ್ದರೂ, ನಿದ್ದೆಯಿಂದ ಎದ್ದು ಕಿಟಕಿಯಲ್ಲಿ ನೋಡಿದರೂ, ಊರಿನ ಹೆಸರು ಕಾಣುತ್ತದೆ. ಐದನೆಯ ಪರದೆಗೆ ಬಂದು ಬೀಳುವವರಿಗೆ ಆ ಹಲಗೆ ಬೇಕು.

ಕುಂಬಾರಗುಡ್ಡ · ಸೋಮವಾರ, ಬೆಳಿಗ್ಗೆ 9.30

ಬಳ್ಳಾರಿಯಿಂದ. ಟಪಾಲಿನ ಹಿರಿಯರು ಹಳೆಯ ಹೆಸರಿನ ಮಾತು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಊರಿನ ನಡುಮಧ್ಯದ ವೃತ್ತ ಗಡಿಗಿ ಚೆನ್ನಪ್ಪನವರ ಹೆಸರಿನಲ್ಲಿದೆ. ಆಟೋದಲ್ಲಿ ಕುಳಿತು "ರಾಯಲ್ ಸರ್ಕಲ್" ಎಂದರೂ ಅಲ್ಲಿಗೇ ಹೋಗುತ್ತದೆ, "ಗಡಿಗಿ ಚೆನ್ನಪ್ಪ ವೃತ್ತ" ಎಂದರೂ ಅಲ್ಲಿಗೇ. ಎರಡು ಹೆಸರನ್ನೂ ಊರು ಇಟ್ಟುಕೊಂಡಿದೆ, ಯಾರಿಗೂ ತೊಡಕಾಗಿಲ್ಲ. ಆ್ಯಪ್ ಮಾಡುವವರು ಹೀಗೆ ಮಾಡುವುದಿಲ್ಲ. ಒಂದು ಬೆಳಿಗ್ಗೆ ಎದ್ದರೆ "ಪಾಸ್‌ಬುಕ್" ಇದ್ದ ಕಡೆ "ವಹಿವಾಟು ಇತಿಹಾಸ" ಎಂದಿರುತ್ತದೆ. ನನ್ನ ತಾಯಿ ಒಂದು ವಾರ ಪಾಸ್‌ಬುಕ್ ಹುಡುಕಿದರು, ಹಣವೇ ಹೋಯಿತೇನೋ ಎಂದು ಗಾಬರಿಯಾದರು. ಹೆಸರು ಬದಲಿಸಿ, ಬೇಡ ಎನ್ನುವುದಿಲ್ಲ. ಹಳೆಯ ಹೆಸರನ್ನು ಸಣ್ಣ ಅಕ್ಷರದಲ್ಲಾದರೂ ಆರು ತಿಂಗಳು ಪಕ್ಕದಲ್ಲಿ ಇಡಿ. ಹುಡುಕು ಪೆಟ್ಟಿಗೆಯಲ್ಲಿ ಹಳೆಯ ಹೆಸರು ಬರೆದರೂ ಸಿಗುವಂತೆ ಮಾಡಿ.

ಇನ್ನೊಂದು, ಕತೆ ಇರುವ ಜಾಗ ಮರೆಯುವುದಿಲ್ಲ. ಬಳ್ಳಾರಿಯಲ್ಲಿ ಎರಡು ಗುಡ್ಡ: ಕೋಟೆ ಇರುವುದು ಒಂದು, ಕುಂಬಾರಗುಡ್ಡ ಇನ್ನೊಂದು. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಬಲಪಡಿಸಿದನಂತೆ, ಕೆಲಸ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರ ಎಂದು ಗೊತ್ತಾಗಿ ಅವನನ್ನು ಗಲ್ಲಿಗೇರಿಸಿದನಂತೆ. ಇದು ಜನ ಹೇಳಿಕೊಂಡು ಬಂದ ಕತೆ. ನಮ್ಮ ಮನೆಯ ಏಳು ವರ್ಷದ ಹುಡುಗಿಗೆ ಒಮ್ಮೆ ಹೇಳಿದ್ದೆ. ಅಂದಿನಿಂದ ಯಾವ ಗುಡ್ಡ ಯಾವುದು ಎಂದು ಅವಳು ಒಮ್ಮೆಯೂ ತಪ್ಪಿಲ್ಲ, ಊರಿನ ಯಾವ ತಾರಸಿಯ ಮೇಲೆ ನಿಲ್ಲಿಸಿದರೂ.

ಗಂಜ್_ಗುಮಾಸ್ತ · ಸೋಮವಾರ, ಮಧ್ಯಾಹ್ನ 2.50

ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಊಟದ ಹೊತ್ತಿನಲ್ಲಿ ಎಲ್ಲವನ್ನೂ ಓದಿದೆ. ಊರು, ಕೋಟೆ ಎಲ್ಲ ಸರಿ. ಆದರೆ ವಿನ್ಯಾಸದ ತಮ್ಮ ಗಂಜ್‌ನೊಳಗೆ ಒಂದು ಇಡೀ ದಿನ ರೈತರ ಜೊತೆ ನಡೆದಿದ್ದಾರೆಯೇ? ನಡೆದಿದ್ದರೆ ಏಳು ಪರದೆ ಎನ್ನುತ್ತಿರಲಿಲ್ಲ.

ರೈತರು ಬೆಳಗಿನ ಜಾವ ಬರುತ್ತಾರೆ. ಗೇಟಿನಲ್ಲಿ ಆವಕ ಬರೆಸುತ್ತಾರೆ, ಅವರ ಮಾಲಿನ ರಾಶಿಗೆ ಲಾಟ್ ನಂಬರ್ ಆಗುತ್ತದೆ. ಹಮಾಲರು ಚೀಲ ಇಳಿಸುತ್ತಾರೆ. ಆಮೇಲೆ ಟೆಂಡರ್, ಅಂದರೆ ಕೊಳ್ಳುವವರು ಬೆಲೆ ಬರೆದು ಕೊಡುವುದು. ಟೆಂಡರ್ ತೆರೆಯುವವರೆಗೆ ಏನು ಮಾಡುತ್ತಾರೆ? ಕಾಯುತ್ತಾರೆ. ಮೂರು ಗಂಟೆ, ನಾಲ್ಕು ಗಂಟೆ. ಆ ಹೊತ್ತಿನಲ್ಲಿಯೇ ಪೇಟೆಗೆ ಹೋಗಿ ಬೀಜ, ಗೊಬ್ಬರ, ಮನೆಗೆ ಬೇಕಾದದ್ದು ತರುತ್ತಾರೆ. ಹೋದವರ ಕಿವಿಯೆಲ್ಲ ಇಲ್ಲಿಯೇ ಇರುತ್ತದೆ. "ಗುಮಾಸ್ತರೇ, ನನ್ನ ಲಾಟ್ ಆಯಿತೇ?" ಎಂದು ಹತ್ತು ಸಲ ಫೋನ್ ಮಾಡುತ್ತಾರೆ. ನಿಮ್ಮ ಆ್ಯಪ್‌ನಲ್ಲಿ ಟೆಂಡರ್ ಪರದೆ ಇದೆ, ತೂಕದ ಪರದೆ ಇದೆ. ಕಾಯುವುದಕ್ಕೆ ಪರದೆಯೇ ಇಲ್ಲ. ದಿನದ ಅರ್ಧ ಭಾಗವನ್ನೇ ನೀವು ಬಿಟ್ಟಿದ್ದೀರಿ.

ಮತ್ತೆ, ನಿಮ್ಮ ಆ ಹಿರಿಯರು ಮೂರನೆಯ ಪರದೆಯಲ್ಲಿ ನಿಂತದ್ದೇಕೆ ಎಂದು ನಾನು ಹೇಳಬಲ್ಲೆ. ಅಲ್ಲಿ ಲಾಟ್ ನಂಬರ್ ಕೇಳಿರುತ್ತೀರಿ. ಆ ನಂಬರಿನ ಚೀಟಿ ಅವರ ಹತ್ತಿರ ಇರುವುದಿಲ್ಲ, ಎಷ್ಟೋ ಸಲ ನಮ್ಮ ಅಂಗಡಿಯ ಗಲ್ಲಾದಲ್ಲಿ ಇರುತ್ತದೆ.

ಕಾಲ್ನಡಿಗೆ_ರಾಯಚೂರು · ಸೋಮವಾರ, ಮಧ್ಯಾಹ್ನ 3.20

ಗುಮಾಸ್ತರೇ, ಹೌದು. ಮೂರನೆಯ ಪರದೆ ಲಾಟ್ ನಂಬರಿನದೇ. ಇಡೀ ದಿನ ಜೊತೆಗೆ ನಡೆದಿಲ್ಲ. ಒಂದು ಗಂಟೆ ನಿಂತು, ಹತ್ತು ಫೋಟೋ ತೆಗೆದು ಬಂದು ಪರದೆ ಬರೆದೆವು. ನೀವು ಒಪ್ಪಿದರೆ ಗುರುವಾರ ಬೆಳಗಿನ ಜಾವ ಗೇಟಿನ ಹತ್ತಿರ ಬರುತ್ತೇನೆ, ಪಟ್ಟಿ ಆಗುವವರೆಗೂ ಇರುತ್ತೇನೆ.

ಸಂಜೆ_ಪಾಳಿ · ಸೋಮವಾರ, ರಾತ್ರಿ 11.45

ನರ್ಸ್ ಕೆಲಸ. ಪಾಳಿ ಮುಗಿಸಿ ಈಗ ಮನೆಗೆ ಬಂದು ಬರೆಯುತ್ತಿದ್ದೇನೆ.

ಮೊಬೈಲ್ ನಕ್ಷೆ ನನಗೆ ದಿನವೂ ಒಂದು ಅಡ್ಡದಾರಿ ತೋರಿಸುತ್ತದೆ. ಎಂಟು ನಿಮಿಷದ ದಾರಿ. ನಾನು ಹೋಗುವುದು ಹದಿನಾಲ್ಕು ನಿಮಿಷದ ದಾರಿಯಲ್ಲಿ. ಅಲ್ಲಿ ಔಷಧಿ ಅಂಗಡಿ ತೆರೆದಿರುತ್ತದೆ, ಮಿರ್ಚಿ ಬಂಡಿಯ ಅಣ್ಣ ಬಾಣಲೆ ತೊಳೆಯುತ್ತಿರುತ್ತಾನೆ, ಎರಡು ದೀಪದ ಕಂಬ ಹೆಚ್ಚಿವೆ. ಔಷಧಿ ಅಂಗಡಿ ರವಿವಾರ ಬೇಗ ಮುಚ್ಚುತ್ತದೆ, ಆ ದಿನ ನನ್ನ ದಾರಿಯೇ ಬೇರೆ. ಮಧ್ಯಾಹ್ನವಾದರೆ ಇನ್ನೂ ಬೇರೆ. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತು, ನೆರಳು ಯಾವ ಬದಿಗಿದೆಯೋ ಆ ಬದಿಗೆ ಕಾಲು ತಾನಾಗಿಯೇ ಹೋಗುತ್ತದೆ.

ಹಣ ಕಳಿಸುವ ಆ್ಯಪ್‌ನಲ್ಲಿ "ಒಂದೇ ಒತ್ತಿಗೆ ಪಾವತಿ" ಎಂದು ದೊಡ್ಡದಾಗಿ ಹಾಕಿರುತ್ತಾರೆ. ನನಗೆ ಆ ಒಂದು ಒತ್ತು ನಿರ್ಜನ ಗಲ್ಲಿಯಂತೆ ಕಾಣುತ್ತದೆ. ತಿಂಗಳ ಸಂಬಳದ ಅರ್ಧವನ್ನು ಊರಿಗೆ ಕಳಿಸುವಾಗ ಯಾರಿಗೆ, ಎಷ್ಟು, ಯಾವ ಖಾತೆಗೆ ಎಂದು ನಿಧಾನವಾಗಿ ಓದಬೇಕು. ಹೆಸರು ನೋಡಬೇಕು, ಆಮೇಲೆ ಒತ್ತಬೇಕು. ಹತ್ತು ರೂಪಾಯಿಯ ಚಹಾಕ್ಕೆ ಅಡ್ಡದಾರಿ ಆದೀತು. ಎಲ್ಲಕ್ಕೂ ಹತ್ತಿರದ ದಾರಿಯೇ ಒಳ್ಳೆಯ ದಾರಿ ಎಂದುಕೊಳ್ಳುವವರು ರಾತ್ರಿ ಒಬ್ಬರೇ ನಡೆದಿಲ್ಲ.

ಕಿವಿಯೇ_ಕಣ್ಣು · ಮಂಗಳವಾರ, ಬೆಳಿಗ್ಗೆ 6.30

ನನಗೆ ದೃಷ್ಟಿ ಇಲ್ಲ. ಈ ಚರ್ಚೆಯನ್ನು ಮೊಬೈಲ್ ಓದಿ ಹೇಳಿತು, ಉತ್ತರವನ್ನು ಮಾತಿನಲ್ಲಿಯೇ ಬರೆಯಿಸುತ್ತಿದ್ದೇನೆ.

ಚಹಾ ಅಂಗಡಿಯವರು ಗಿರಣಿಯ ಸದ್ದು ಎಂದರಲ್ಲ, ಆ ಒಂದು ಮಾತಿಗೆ ಅವರಿಗೆ ಕೈ ಮುಗಿಯುತ್ತೇನೆ. ಮರ, ಬಂಕ್ ನನಗೆ ಉಪಯೋಗವಿಲ್ಲ. ಗಿರಣಿ ಇದೆ. ಗಿರಣಿಗೆ ಹತ್ತು ಹೆಜ್ಜೆ ಮೊದಲೇ ಹಿಟ್ಟಿನ ವಾಸನೆ, ಕಾಲ ಕೆಳಗೆ ನೆಲ ಸಣ್ಣಗೆ ನಡುಗುವುದು. ನನ್ನ ರಾಯಚೂರು ಇಂಥವುಗಳಿಂದ ಆಗಿದೆ. ನಿಲ್ದಾಣದ ಮೂರು ಭಾಷೆಯ ಘೋಷಣೆ, ಮಂಡಕ್ಕಿ ಒಗ್ಗರಣೆಯ ಘಮ, ಹಳೆ ಊರಿನ ಕಡೆಗೆ ತಿರುಗಿದೊಡನೆ ಗಾಳಿ ಕಟ್ಟಿದಂತಾಗಿ ಹೆಜ್ಜೆಯ ಸದ್ದು ಗೋಡೆಗೆ ಬಡಿದು ಹಿಂದಿರುಗುವುದು.

ಒಂದು ಸಂಗತಿ ವಿನ್ಯಾಸದವರಿಗೆ ಗೊತ್ತಿರಬಹುದು. ಜಾಲತಾಣದ ಪುಟದಲ್ಲಿ ತಲೆಭಾಗ, ಮುಖ್ಯಭಾಗ, ಹುಡುಕುವ ಜಾಗ ಎಂದು ಕೋಡ್‌ನಲ್ಲಿ ಗುರುತು ಹಾಕುತ್ತಾರೆ. ಪರದೆ ಓದುವ ತಂತ್ರಾಂಶ ಅವುಗಳಿಂದ ಅವುಗಳಿಗೆ ಜಿಗಿಯುತ್ತದೆ. ಆ ಗುರುತುಗಳಿಗೆ ತಂತ್ರಜ್ಞಾನದವರು ಇಟ್ಟಿರುವ ಹೆಸರೇ "ಲ್ಯಾಂಡ್‌ಮಾರ್ಕ್". ಹೆಸರು ಇಟ್ಟಿದ್ದಾರೆ, ಹಾಕುವುದನ್ನು ಮರೆಯುತ್ತಾರೆ. ಆಗ ನಾನು ಪುಟದ ಮೊದಲ ಸಾಲಿನಿಂದ ಕೊನೆಯವರೆಗೆ ಗೋಡೆ ತಡವಿಕೊಂಡು ಹೋಗಬೇಕು. "ಗುಂಡಿ, ಗುಂಡಿ, ಹೆಸರಿಲ್ಲದ ಗುಂಡಿ" ಎಂದು ಮೊಬೈಲ್ ಹೇಳುತ್ತಾ ಹೋಗುತ್ತದೆ. ತಪ್ಪು ಜಾಗಕ್ಕೆ ಬಂದರೆ ಬಂದಿದ್ದೇನೆಂದು ಯಾರೂ ಹೇಳುವುದಿಲ್ಲ. "ದಾಟಿ ಹೋದಿರಿ" ಎಂಬ ಮಾತು ಎಲ್ಲರಿಗಿಂತ ಹೆಚ್ಚು ನನಗೆ ಬೇಕು.

ಪಾಲ್ಕಿಗುಂಡು · ಮಂಗಳವಾರ, ಸಂಜೆ 5.40

ಕೊಪ್ಪಳದ ಶಾಲಾ ಶಿಕ್ಷಕ. ನಮ್ಮಲ್ಲಿ ಅಶೋಕನ ಎರಡು ಶಾಸನಗಳಿವೆ, ಒಂದು ಗವಿಮಠದ ಹತ್ತಿರ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಮಕ್ಕಳನ್ನು ಪಾಲ್ಕಿಗುಂಡಿಗೆ ಕರೆದುಕೊಂಡು ಹೋದಾಗ ಒಂದು ಸಂಗತಿ ಗಮನಿಸುತ್ತೇನೆ. ಶಾಸನ ಹತ್ತಿರ ಹೋಗದೆ ಕಾಣುವುದಿಲ್ಲ, ಪಲ್ಲಕ್ಕಿಯ ಆಕಾರದಲ್ಲಿ ನಿಂತ ಬಂಡೆ ಮಾತ್ರ ದೂರದಿಂದಲೇ ಕಾಣುತ್ತದೆ. ಮಕ್ಕಳು ಮೊದಲು ಓಡುವುದು ಬಂಡೆಗೆ, ಆಮೇಲೆ ಅಕ್ಷರ ನೋಡುವುದು. ಕಣ್ಣು ಈಗಾಗಲೇ ಹೋಗುವ ಕಡೆ ಮಾತನ್ನು ಬರೆದರೆ ಓದುವವರನ್ನು ಕರೆಯಬೇಕಾಗಿಲ್ಲ.

1975ರಲ್ಲಿ ಶಾರ್ಲಟ್ ಲಿಂಡೆ, ವಿಲಿಯಂ ಲಬೊವ್ ಎಂಬ ಭಾಷಾವಿಜ್ಞಾನಿಗಳು ನ್ಯೂಯಾರ್ಕಿನ ಜನರಿಂದ ತಮ್ಮ ಮನೆ ಹೇಗಿದೆ ಎಂದು ಹೇಳಿಸಿದರು. "ಅಡುಗೆಮನೆಯ ಪಕ್ಕಕ್ಕೆ ಮಲಗುವ ಕೋಣೆ" ಎಂದು ನಕ್ಷೆಯಂತೆ ಹೇಳಿದವರು ನೂರಕ್ಕೆ ಮೂವರು. ಉಳಿದ 97 ಪಾಲು ಜನ "ಒಳಗೆ ಬರುತ್ತೀರಿ, ಎಡಕ್ಕೆ ತಿರುಗುತ್ತೀರಿ" ಎಂದು ಕೇಳುವವರನ್ನು ಕೈಹಿಡಿದು ನಡೆಸಿದರು. ದೊಡ್ಡ ಊರಿನ ಸಣ್ಣ ಮನೆಯಲ್ಲಿದ್ದರೂ ಜನ ನಡೆದೇ ಹೇಳುತ್ತಾರೆ. ನಮ್ಮ ಆ್ಯಪ್‌ಗಳ "ಸಹಾಯ" ಪುಟ ಮಾತ್ರ ನಕ್ಷೆಯಂತೆ ಇರುತ್ತದೆ: ಈ ವಿಭಾಗ, ಆ ವಿಭಾಗ. ಒಬ್ಬರೂ ಓದುವುದಿಲ್ಲ.

ಪರದೆಯ_ಹಿಂದೆ · ಮಂಗಳವಾರ, ರಾತ್ರಿ 10.05

ಹಳದಿ ಹಲಗೆಯ ಮಾತಿಗೆ ನನ್ನ ಎರಡನೆಯ ಆಕ್ಷೇಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಕ್ಷೆ ಬರೆಯುವ ತಂಗಿಗೆ ಧನ್ಯವಾದ. ಆದರೆ "ದಾಟಿ ಹೋದಿರಿ" ಗುರುತಿನ ಬಗ್ಗೆ ಇನ್ನೊಂದು ಕಷ್ಟ ಇದೆ. ಚಹಾ ಅಂಗಡಿಯವರಿಗೆ ಪೆಟ್ರೋಲ್ ಬಂಕ್ ಹೇಳಬೇಕೆಂದು ಹೇಗೆ ಗೊತ್ತಾಯಿತು? ಅವರು ಇಪ್ಪತ್ತು ವರ್ಷ ಅಲ್ಲಿಯೇ ಕುಳಿತು, ದಾರಿ ತಪ್ಪಿ ಹಿಂದಿರುಗಿದವರನ್ನು ನೋಡಿದ್ದಾರೆ. ನಾವು ತಪ್ಪಿದವರನ್ನು ನೋಡುವುದೇ ಇಲ್ಲ. ನಮಗೆ ಕಾಣುವುದು "ನಾಲ್ಕನೆಯ ಪರದೆಯಲ್ಲಿ ಇಷ್ಟು ಮಂದಿ ಬಿಟ್ಟುಹೋದರು" ಎಂಬ ಒಂದು ಅಂಕಿ. ಎಲ್ಲಿಗೆ ಹೋದರು, ಏನೆಂದುಕೊಂಡು ಹೋದರು, ಅದು ಅಂಕಿಯಲ್ಲಿ ಇಲ್ಲ.

ಕಾಲ್ನಡಿಗೆ_ರಾಯಚೂರು · ಶುಕ್ರವಾರ, ರಾತ್ರಿ 9.15

ನಿನ್ನೆ ಬೆಳಿಗ್ಗೆ ಐದು ಗಂಟೆಯಿಂದ ಗಂಜ್‌ನಲ್ಲಿದ್ದೆ. ಗುಮಾಸ್ತರು ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿಕೊಟ್ಟರು. ಅವರಿಗೆ ಬಂದ ಫೋನ್‌ಗಳನ್ನೆಲ್ಲ ನಾನು ಬರೆದುಕೊಂಡೆ. ಸಿಂಧನೂರಿನ ತಮ್ಮಾ, ನೀನು ಕೇಳಿದ್ದರ ಉತ್ತರ ಆ ಸ್ಟೂಲ್ ಮೇಲಿದೆ. ದಾರಿ ತಪ್ಪಿದವರು ಇಪ್ಪತ್ತು ವರ್ಷದಿಂದ ಗುಮಾಸ್ತರಿಗೆ ಫೋನ್ ಮಾಡುತ್ತಿದ್ದಾರೆ. ನಮ್ಮ ಪೆಟ್ರೋಲ್ ಬಂಕ್ ಎಲ್ಲಿದೆ ಎಂದು ಅವರಿಗೆ ಗೊತ್ತು.

ಮಧ್ಯಾಹ್ನ ಕಾಗದದ ಮೇಲೆ ಹೊಸ ಪರದೆಗಳನ್ನು ಬರೆದೆ. ಪ್ರತಿ ಪರದೆಯ ತಲೆಯಲ್ಲಿ ಹಳದಿ ಪಟ್ಟಿ, ಅದರಲ್ಲಿ ದಪ್ಪ ಅಕ್ಷರದ ಒಂದೇ ಮಾತು: ಗೇಟ್, ಲಾಟ್, ಕಾಯುವುದು, ತೂಕ, ಪಟ್ಟಿ. ತಿಳಿ ಬೂದು ಅಕ್ಷರಗಳನ್ನೆಲ್ಲ ತೆಗೆದೆ, ಗಂಜ್‌ನ ಬಿಸಿಲಿನಲ್ಲಿ ಅವು ಇಲ್ಲದಂತೆಯೇ. ಲಾಟ್ ಪರದೆಯ ಕೆಳಗೆ ಹೀಗೆ ಬರೆದೆ: "ಈಗ ನಿಮ್ಮ ಕೈಯಲ್ಲಿ ಲಾಟ್ ಚೀಟಿ ಇರಬೇಕು. ಇಲ್ಲದಿದ್ದರೆ ಅದು ಅಂಗಡಿಯ ಗಲ್ಲಾದಲ್ಲಿದೆ, ಗುಮಾಸ್ತರನ್ನು ಕೇಳಿ. ತೂಕದ ಮಾತು ಕಂಡರೆ ಮುಂದೆ ಹೋಗಿದ್ದೀರಿ, ಹಿಂದಕ್ಕೆ ಬನ್ನಿ."

ಕವಿತಾಳದ ಕಡೆಯಿಂದ ಬಂದಿದ್ದ ಒಬ್ಬ ಅವ್ವನಿಗೆ ತೋರಿಸಿದೆ. ಅವರು ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದರು. "ಚೀಟಿ ಇರಬೇಕು" ಎಂಬಲ್ಲಿ ನಿಂತರು. ಕಾಗದವನ್ನು ತೊಡೆಯ ಮೇಲಿಟ್ಟು, ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ನಂಬರ್ ಓದಿದರು. ಮುಂದೆ ಹೋದರು. ಎಲ್ಲಿದ್ದೇನೆ ಎಂದು ಕೇಳಲಿಲ್ಲ.

ಕಾಯುವ ಪರದೆ ಮಾತ್ರ ಸೋತಿದೆ. "ನಿಮ್ಮ ಲಾಟ್‌ಗೆ ಇನ್ನೂ ಟೆಂಡರ್ ತೆರೆದಿಲ್ಲ" ಎಂದು ಬರೆದಿದ್ದೆ. ಅವ್ವ ಓದಿ, "ಇದು ನನಗೂ ಗೊತ್ತು. ಪೇಟೆಗೆ ಹೋಗಿ ಬರಲು ಹೊತ್ತಿದೆಯೋ ಇಲ್ಲವೋ ಹೇಳು" ಎಂದರು.

ಸಂಜೆ ಕೋಟೆಯ ಪಶ್ಚಿಮದ ಒಳಗೋಡೆಯ ಹತ್ತಿರ ಹೋಗಿ ಕುಳಿತಿದ್ದೆ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿವಾರು ಕೋಟೆ ಕಟ್ಟಿಸಿದ ಶಾಸನ ಇದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳು ಎಳೆದು ತರುವ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಅಷ್ಟು ದೊಡ್ಡ ಕಲ್ಲು ಇಲ್ಲಿಗೆ ಹೇಗೆ ಬಂತು ಎಂದು ನೋಡುವವರು ಕೇಳಿಯೇ ಕೇಳುತ್ತಾರೆಂದು ಕೊರೆದವರಿಗೆ ಗೊತ್ತಿತ್ತು. ಕಾಯುವ ಪರದೆಯಲ್ಲಿ ಅಂಥ ಒಂದು ಸಾಲು ಚಿತ್ರ ಹಾಕಿದರೆ? ಬೆಳಿಗ್ಗೆಯಿಂದ ಮಾಲು ಎಲ್ಲೆಲ್ಲಿ ದಾಟಿ ಬಂತು, ಈಗ ಎಲ್ಲಿ ನಿಂತಿದೆ. ಆದರೆ ಅವ್ವನ ಪ್ರಶ್ನೆಗೆ ಅದರಿಂದಲೂ ಉತ್ತರ ಸಿಗುವುದಿಲ್ಲ. ಅದಕ್ಕೆ ಏನು ಮಾಡುವುದು?

ಗಂಜ್_ಗುಮಾಸ್ತ · ಶುಕ್ರವಾರ, ರಾತ್ರಿ 9.50

ನಾನು ಫೋನಿನಲ್ಲಿ ಹೇಳುವುದು ಇಷ್ಟೇ: "ನಿಮ್ಮ ಮುಂದೆ ಇನ್ನೂ ನಲವತ್ತು ಲಾಟ್ ಇವೆ, ಊಟ ಮಾಡಿಕೊಂಡು ಬನ್ನಿ." ಅಥವಾ, "ಹತ್ತೇ ಇವೆ, ಎಲ್ಲಿಗೂ ಹೋಗಬೇಡಿ." ಗಡಿಯಾರದ ಹೊತ್ತು ಹೇಳಿದರೆ ಸುಳ್ಳಾಗುತ್ತದೆ, ಆದ್ದರಿಂದ ಹೇಳುವುದಿಲ್ಲ. ಮುಂದೆ ಎಷ್ಟಿವೆ ಎಂದರೆ ಹೊತ್ತನ್ನು ಅವರೇ ಅಳೆದುಕೊಳ್ಳುತ್ತಾರೆ.

ಕಿವಿಯೇ_ಕಣ್ಣು · ಶುಕ್ರವಾರ, ರಾತ್ರಿ 10.10

ಆ ಎಣಿಕೆಯನ್ನು ಅಕ್ಷರದಲ್ಲಿಯೇ ಇಡಿ, ಚಿತ್ರದೊಳಗೆ ಸೇರಿಸಬೇಡಿ. ಸಂಖ್ಯೆ ಇಳಿದಾಗ ಮೊಬೈಲ್ ಒಂದು ಸಲ ನಡುಗಲಿ. ಪೇಟೆಯಲ್ಲಿ ಬೀಜದ ಚೀಲ ಹೊತ್ತವರು ಪರದೆ ತೆಗೆದು ನೋಡಲಾರರು.

ಕಾಲ್ನಡಿಗೆ_ರಾಯಚೂರು · ಶುಕ್ರವಾರ, ರಾತ್ರಿ 10.20

ಬರೆದುಕೊಂಡೆ. ಸೋಮವಾರ ಇದೇ ಎರಡನ್ನೂ ಹಾಕಿ ಮತ್ತೆ ಗಂಜ್‌ಗೆ ಒಯ್ಯುತ್ತೇನೆ.